ಸಿಪಾಯಿಯ ದಾರಿ, ಜಾಡಮಾಲಿಯ ದಾರಿ

೧

ಮಿಲಿಟರಿಯಿಂದ ಪಿಂಚಣಿ ಪಡೆದು ಕೇರಿಗೆ ಬಂದ ದೊಡ್ಡಪ್ಪಂದಿರನ್ನು ‘ಯುದ್ಧ ಹೆಂಗಿತ್ತು ದೊಡ್ಡಪ್ಪಾ?’ ಅಂತ ಕೇಳಿ ನೋಡಿ. ಯುದ್ಧದ ಮಾತು ಎತ್ತುವುದೇ ಇಲ್ಲ. ರೈಲಿನ ಮಾತು ಎತ್ತುತ್ತಾರೆ. ರಜಾ ಚೀಟಿಗೆ ಸಾಹೇಬನ ರುಜು ಬೀಳಲು ಎಷ್ಟು ದಿನ ಕಾದೆ, ಗಾಡಿ ಎಲ್ಲಿ ತಪ್ಪಿತು, ಜನರಲ್ ಡಬ್ಬಿಯಲ್ಲಿ ಕಕ್ಕಸಿನ ಬಾಗಿಲ ಪಕ್ಕ ಟ್ರಂಕಿನ ಮೇಲೆ ಕೂತು ಮೂರು ರಾತ್ರಿ ಹೆಂಗೆ ಬಂದೆ, ತಂತಿ ತಲುಪಿ ತಾನು ಊರು ಮುಟ್ಟುವಷ್ಟರಲ್ಲಿ ಅವ್ವನ ಮಣ್ಣು ಹೆಂಗೆ ಮುಗಿದುಹೋಗಿತ್ತು — ಇದನ್ನೇ ಹೇಳುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಸ್‌ಸ್ಟ್ಯಾಂಡಿನ ಹೋಟೆಲ್‌ನಾಗೆ ಲೋಟ ಮಾತ್ರ ಬ್ಯಾರೇನೇ ಇತ್ತು ಕಣಪ್ಪ, ಡ್ರೆಸ್ಸು ಹಾಕ್ಕಂಡಿದ್ರೂ’ ಅನ್ನುತ್ತಾರೆ.

ಇದು ಸಾಹಿತ್ಯವೇ ಎಂದು ನಮ್ಮ ವಿಮರ್ಶಕ ಮಹಾಶಯರನ್ನು ಕೇಳಿದರೆ ಅಲ್ಲ ಅನ್ನುತ್ತಾರೆ. ಅವರ ಪ್ರಕಾರ ಯುದ್ಧ ಸಾಹಿತ್ಯವೆಂದರೆ ಸಾವು, ತ್ಯಾಗ, ಅಸ್ತಿತ್ವದ ಪ್ರಶ್ನೆ. ಬೂಟು ಕಚ್ಚಿದ್ದು, ಗಾಡಿ ತಪ್ಪಿದ್ದು, ಕಾಗದ ಬಾರದ್ದು — ಇವೆಲ್ಲ ಬರೀ ಗೊಣಗಾಟ. ಮಹಾಕಾವ್ಯ ಕಟ್ಟುವವರಿಗೆ ಯೋಧನ ಎದೆ ಬೇಕು, ಅವನ ಹಿಮ್ಮಡಿ ಬೇಡ.

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಇಷ್ಟೆ. ಸಿಪಾಯಿಯ ಗೊಣಗಾಟವೇ ಯುದ್ಧದ ನಿಜವಾದ ಸಾಹಿತ್ಯ. ಆದರೆ ಆ ಗೊಣಗಾಟದಲ್ಲೂ ಮೇಲು ಕೀಳು ಇದೆ. ಸಿಪಾಯಿಯ ಗೊಣಗಾಟ ಅರ್ಧಂಬರ್ಧವಾದರೂ ನಮ್ಮ ಕಿವಿಗೆ ಬಿದ್ದಿದೆ. ಅವನ ಹಿಂದೆ ಪೊರಕೆ, ಚರ್ಮದ ನೀರಿನ ಚೀಲ, ಹುಲ್ಲಿನ ಹೊರೆ ಹೊತ್ತು ನಡೆದವನ ಗೊಣಗಾಟ ಇನ್ನೂ ಬಿದ್ದಿಲ್ಲ. ಓದುವವರು ಈ ಎರಡನ್ನೂ ಬಿಡಿಸಿ ನೋಡಬೇಕು.

ಇದಕ್ಕೆ ನಾವು ಆರಿಸಿಕೊಂಡಿರುವುದು ೧೯೧೪ರಿಂದ ೧೯೧೮ರವರೆಗಿನ ಮಹಾಯುದ್ಧ. ನೂರು ವರ್ಷದ ಹಿಂದಿನದು ಯಾಕೆ ಅಂತ ಕೇಳಬಹುದು. ನಮ್ಮ ದೇಶದ ಬಡ ರೈತರ ಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಸಮುದ್ರ ದಾಟಿ, ಅಲ್ಲಿನ ದಿನಚರಿಯನ್ನು ಕಾಗದದಲ್ಲಿ ಬರೆಸಿದ್ದು ಆಗ. ಆ ಕಾಗದಗಳು ಉಳಿದಿವೆ. ಅವು ಯಾಕೆ ಉಳಿದವು ಅನ್ನುವುದರಲ್ಲೇ ಒಂದು ಕಥೆಯಿದೆ.

೨

೧೯೧೪ರ ಸೆಪ್ಟೆಂಬರ್ ೨೬ರಂದು ಲಾಹೋರ್ ಡಿವಿಜನ್ನಿನ ಸಿಪಾಯಿಗಳು ಫ್ರಾನ್ಸಿನ ಮಾರ್ಸೆಯ್ ಬಂದರಿನಲ್ಲಿ ಇಳಿದರು. ಕರಾಚಿ, ಬೊಂಬಾಯಿಗಳಲ್ಲಿ ಹಡಗು ಹತ್ತಿದವರಿಗೆ ಎಲ್ಲಿಗೆ ಹೋಗುತ್ತಿದ್ದೇವೆ ಅನ್ನುವುದೇ ಸರಿಯಾಗಿ ಗೊತ್ತಿರಲಿಲ್ಲ. ಯಾರ ಯುದ್ಧ, ಯಾತಕ್ಕೆ ಯುದ್ಧ ಎಂದು ಕೇಳುವ ಅಧಿಕಾರವೂ ಇರಲಿಲ್ಲ. ತಿಂಗಳಿಗೆ ಹನ್ನೊಂದು ರೂಪಾಯಿ ಸಂಬಳ. ಮೈಮೇಲೆ ಬೇಸಗೆಯ ತೆಳು ಖಾಕಿ. ಬಂದರಿನಲ್ಲೇ ಹಳೆ ಬಂದೂಕು ಕಿತ್ತುಕೊಂಡು ಹೊಸದನ್ನು ಕೈಗಿತ್ತರು. ಅದರ ಕೈಗುಣ ತಿಳಿಯುವಷ್ಟೂ ಪುರುಸೊತ್ತಿಲ್ಲದೆ ರೈಲಿಗೆ ತುಂಬಿ ಓರ್ಲಿಯಾನ್ಸ್ ಊರಿಗೆ, ಅಲ್ಲಿಂದ ಮೇಲಕ್ಕೆ ಬೆಲ್ಜಿಯಂ ಗಡಿಯ ಕಡೆಗೆ ಸಾಗಿಸಿದರು. ಅಕ್ಟೋಬರ್ ಮುಗಿಯುವ ಮುನ್ನ ಅವರು ಕೆಸರಿನ ಕಂದಕದಲ್ಲಿದ್ದರು. ಚಳಿಗೆ ಬೇಕಾದ ದಪ್ಪ ಬಟ್ಟೆ ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಬಂದು ಮುಟ್ಟಲಿಲ್ಲ.

ಇವರು ಊರಿಗೆ ಕಾಗದ ಬರೆಸಿದರು. ‘ಬರೆದರು’ ಅನ್ನದೆ ‘ಬರೆಸಿದರು’ ಎಂದು ನಾವು ಬೇಕೆಂದೇ ಹೇಳುತ್ತಿದ್ದೇವೆ. ಬಹುಮಂದಿಗೆ ಅಕ್ಷರ ಬಾರದು. ಅಕ್ಷರ ಬಲ್ಲ ಇನ್ನೊಬ್ಬನ ಮುಂದೆ ಕೂತು ಹೇಳಬೇಕು. ಅವನು ಉರ್ದುವಿನಲ್ಲೋ ಗುರುಮುಖಿಯಲ್ಲೋ ಹಿಂದಿಯಲ್ಲೋ ಬರೆಯಬೇಕು. ಅತ್ತ ಊರಿನಲ್ಲಿ ಹೆಂಡತಿಗೂ ಅಕ್ಷರ ಬಾರದು. ಅಲ್ಲಿ ಮೇಷ್ಟರೋ ಪೋಸ್ಟಿನವನೋ ಓದಿ ಹೇಳಬೇಕು. ಹೀಗೆ ಗಂಡ ಹೆಂಡತಿಯ ನಡುವಿನ ಮಾತು ಮೂರು ನಾಲ್ಕು ಜನರ ಬಾಯಿ ಹಾದು ಹೋಗುತ್ತಿತ್ತು. ಇವರ ನಡುವೆ ಸರ್ಕಾರವೂ ಬಂದು ಕೂತಿತು. ಫ್ರಾನ್ಸಿನ ಬೂಲೋನ್ ಊರಿನಲ್ಲಿ ಸೆನ್ಸಾರ್ ಕಚೇರಿ ತೆರೆದರು. ಸಿಪಾಯಿಯ ಕಾಗದ ಒಡೆದು ಓದಿ, ಮುಖ್ಯ ಅನಿಸಿದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ, ಮೇಲಿನವರಿಗೆ ವರದಿ ಕಳಿಸುವುದು ಆ ಕಚೇರಿಯ ಕೆಲಸ. ಇವತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿರುವುದು ಆ ವರದಿಗಳು. ಸಿಪಾಯಿಯ ಕೈಮುಟ್ಟಿದ ಮೂಲ ಕಾಗದಗಳು ಬಹುತೇಕ ಉಳಿದಿಲ್ಲ. ಡೇವಿಡ್ ಓಮಿಸ್ಸಿ ಎಂಬ ಚರಿತ್ರಕಾರ ೧೯೯೯ರಲ್ಲಿ ಅವುಗಳಿಂದ ಒಂದು ದೊಡ್ಡ ಸಂಕಲನ ಮಾಡಿದ.

ಅಂದರೆ ಕದ್ದು ಓದಿದವನೇ ಕಾಪಾಡಿ ಇಟ್ಟಿದ್ದಾನೆ. ಜನರ ಮಾತು ಜನರ ಕೈಗೆ ಬರಬೇಕಾದರೆ ಪೊಲೀಸಿನವನ ಕಡತದಿಂದಲೇ ಬರಬೇಕು ಅನ್ನುವುದು ನಮ್ಮಂಥವರಿಗೆ ಹೊಸದೇನೂ ಅಲ್ಲ.

ಆ ಕಾಗದಗಳಲ್ಲಿ ಏನಿದೆ? ಚಕ್ರವರ್ತಿಗೆ ಜೈಕಾರ ಇದೆ. ಅದು ಇರಲೇಬೇಕು, ಒಡೆದು ಓದುತ್ತಾರೆಂದು ಸಿಪಾಯಿಗೂ ಗೊತ್ತಿತ್ತು. ಜೈಕಾರದ ಕೆಳಗೆ ದಿನಚರಿ ಇದೆ. ಮಳೆ ನಿಲ್ಲುವುದಿಲ್ಲ. ಕಂದಕದಲ್ಲಿ ಮೊಣಕಾಲಷ್ಟು ನೀರು. ಪಾದ ಊದಿ ಮರಗಟ್ಟಿದೆ. ಊರಿನಿಂದ ಕಾಗದ ಬಂದಿಲ್ಲ. ಬೆಳೆ ಏನಾಯಿತು, ಸಾಲ ಎಷ್ಟು ತೀರಿತು, ಎಮ್ಮೆ ಕರು ಹಾಕಿತಾ? ಎಲ್ಲಕ್ಕಿಂತ ಹೆಚ್ಚಾಗಿ ಮತ್ತೆ ಮತ್ತೆ ಬರುವ ದೂರು ಒಂದಿದೆ: ಊರಿಗೆ ಬಿಡುತ್ತಿಲ್ಲ. ಇಂಗ್ಲೆಂಡಿನ ಸಿಪಾಯಿಗೆ ಕಾಲುವೆ ದಾಟಿದರೆ ಮನೆ. ನಾಲ್ಕು ದಿನ ರಜೆ ಸಿಕ್ಕರೂ ಹೆಂಡತಿ ಮಕ್ಕಳ ಮುಖ ನೋಡಿ ಬಂದಾನು. ನಮ್ಮವನಿಗೆ ನಡುವೆ ಸಮುದ್ರಗಳೇ ಬಿದ್ದಿವೆ. ಹೋಗಲಿ, ಗುಂಡು ತಗಲಿದರಾದರೂ ಊರಿಗೆ ಕಳಿಸುತ್ತಾರೆ ಅಂದುಕೊಂಡಿದ್ದ. ಆಸ್ಪತ್ರೆಯಲ್ಲಿ ಗಾಯ ಮಾಯಿಸಿ ತಿರುಗಿ ಅದೇ ಕಂದಕಕ್ಕೆ ತಳ್ಳಿದರು. ೧೯೧೫ರಲ್ಲಿ ಸಿಪಾಯಿಗಳ ಮನಸ್ಸು ಮುರಿದದ್ದು ಜರ್ಮನ್ ಗುಂಡಿನಿಂದ ಎಷ್ಟೋ, ಈ ಅನ್ಯಾಯದಿಂದಲೂ ಅಷ್ಟೇ. ಒಮ್ಮೆ ಗಾಯ ತಿಂದವನು ತನ್ನ ಪಾಲಿನ ಋಣ ತೀರಿಸಿದ ಹಾಗೆ ಅಂತ ಅವನ ಲೆಕ್ಕ. ಗಾಯ ಮಾಯಿತು ಅಂದರೆ ಮತ್ತೆ ಕೆಲಸಕ್ಕೆ ಬಂದ ಅಂತ ಸಾಮ್ರಾಜ್ಯದ ಲೆಕ್ಕ.

ನೇರವಾಗಿ ಹೇಳಿದರೆ ಕಾಗದ ತಡೆಯುತ್ತಾರೆ. ಅದಕ್ಕೇ ಒಗಟಿನಲ್ಲಿ ಹೇಳಿದರು. ಕರಿಮೆಣಸು ಎಂದರೆ ನಮ್ಮವರು, ಕೆಂಪು ಮೆಣಸು ಎಂದರೆ ಬಿಳಿಯರು. ಕರಿಮೆಣಸನ್ನು ಸುರಿದು ಸುರಿದು ಖಾಲಿ ಮಾಡುತ್ತಿದ್ದಾರೆ, ಕೆಂಪಿನದನ್ನು ಕೈ ಬಿಗಿಹಿಡಿದು ಬಳಸುತ್ತಿದ್ದಾರೆ ಎಂಬ ಅರ್ಥ ಬರುವ ಹಾಗೆ ಬರೆಸಿದರು. ಅಡುಗೆಮನೆಯ ಸಾಮಾನಿನಲ್ಲಿ ಸಾಮ್ರಾಜ್ಯದ ಒಳಮರ್ಮ ಹೇಳಿದ ಈ ಜನಕ್ಕೆ ಪ್ರತಿಮೆ, ಸಂಕೇತ ಏನೆಂದು ಯಾವ ನವ್ಯ ವಿಮರ್ಶಕ ಪಾಠ ಹೇಳಬೇಕಾಗಿದೆ? ಇಲ್ಲಿ ಸಂಕೇತ ಹುಟ್ಟಿದ್ದು ಚೆಲುವಿಗಾಗಿ ಅಲ್ಲ, ಸಿಕ್ಕಿಬೀಳಬಾರದೆಂದು.

ಸೆನ್ಸಾರಿನವರು ಹುಡುಕುತ್ತಿದ್ದುದು ಬರೀ ಸೈನ್ಯದ ಗುಟ್ಟುಗಳನ್ನಲ್ಲ. ಅವರಿಗೆ ಹೆಚ್ಚಿನ ಭಯ ಇದ್ದುದು ಗೊಣಗಾಟದ ಬಗ್ಗೆ. ‘ನೀನು ಸೈನ್ಯಕ್ಕೆ ಸೇರಬೇಡ ತಮ್ಮಾ’ ಎಂಬ ಒಂದು ಸಾಲು ಹಳ್ಳಿಗೆ ತಲುಪಿದರೆ ಅಲ್ಲಿ ಭರ್ತಿ ನಿಂತುಹೋಗುತ್ತದೆ. ಬೂಟಿನ ದೂರು, ರಜೆಯ ದೂರು ರಾಜಕೀಯ ಅನ್ನುವುದು ಅವರಿಗೆ ಅರ್ಥವಾಗಿತ್ತು. ಗೊಣಗಾಟಕ್ಕೆ ಎಷ್ಟು ಶಕ್ತಿ ಇದೆಯೆಂದು ನಮ್ಮ ವಿಮರ್ಶಕರಿಗಿಂತ ಆ ಸೆನ್ಸಾರ್ ಅಧಿಕಾರಿಗೆ ಚೆನ್ನಾಗಿ ಗೊತ್ತಿತ್ತು.

೩

ಇದೇ ಯುದ್ಧವನ್ನು ನಮ್ಮ ಸಾಹಿತಿಗಳು ಹೇಗೆ ಕಂಡರು?

ಹಿಂದಿಯಲ್ಲಿ ಚಂದ್ರಧರ ಶರ್ಮಾ ಗುಲೇರಿ ಅವರ ‘ಉಸ್ನೇ ಕಹಾ ಥಾ’ ೧೯೧೫ರಲ್ಲೇ ಬಂತು. ಯುದ್ಧ ನಡೆಯುತ್ತಿರುವಾಗಲೇ ಬರೆದ ಕಥೆ. ಹಿಂದಿ ಸಣ್ಣಕಥೆಯ ಚರಿತ್ರೆಯನ್ನು ಇದನ್ನು ಬಿಟ್ಟು ಯಾರೂ ಬರೆಯುವುದಿಲ್ಲ. ಬಾಲ್ಯದಲ್ಲಿ ಕಂಡ ಹುಡುಗಿ ಮುಂದೆ ಸುಬೇದಾರನ ಹೆಂಡತಿಯಾಗಿ ಸಿಗುತ್ತಾಳೆ. ಗಂಡನನ್ನೂ ಮಗನನ್ನೂ ಕಾಪಾಡು ಅನ್ನುತ್ತಾಳೆ. ಆ ಮಾತಿಗಾಗಿ ಲಹನಾ ಸಿಂಗ್ ಕಂದಕದಲ್ಲಿ ಪ್ರಾಣ ಬಿಡುತ್ತಾನೆ. ಕಥೆ ಚೆನ್ನಾಗಿದೆ, ನಾವು ಇಲ್ಲ ಅನ್ನುವುದಿಲ್ಲ. ಕಂದಕದ ಚಳಿ, ಸಿಪಾಯಿಗಳ ಹರಟೆ ಜೀವಂತವಾಗಿವೆ. ಆದರೆ ಇವೆಲ್ಲ ಬರುವುದು ಕೊನೆಯ ತ್ಯಾಗಕ್ಕೆ ಚಪ್ಪರ ಹಾಕುವುದಕ್ಕೆ. ಕಂದಕದ ಗಲೀಜು ನೀರನ್ನು ಬಾಲ್ದಿಯಲ್ಲಿ ಎತ್ತಿ ಚೆಲ್ಲುವವನು ಅಲ್ಲಿ ನಗಿಸುವ ಪಾತ್ರ. ಗಲೀಜು ಎತ್ತುವುದು ತಮಾಷೆಯಾಗಬೇಕಾದರೆ ಅದು ಎತ್ತುವವನ ಹುಟ್ಟುಕಸುಬಾಗಿರಬಾರದು. ಯಾರ ಅಪ್ಪ ತಾತ ಮುತ್ತಾತ ಅದನ್ನೇ ಎತ್ತಿ ಸತ್ತರೋ ಅವನು ಆ ಬಾಲ್ದಿ ಹಿಡಿದು ಜೋಕು ಹೇಳಲಾರ.

ಮುಲ್ಕ್ ರಾಜ್ ಆನಂದರ ‘ಅಕ್ರಾಸ್ ದ ಬ್ಲಾಕ್ ವಾಟರ್ಸ್’ (೧೯೪೦) ಇದಕ್ಕಿಂತ ಹತ್ತು ಹೆಜ್ಜೆ ಮುಂದಿದೆ. ಪಂಜಾಬಿನ ರೈತನ ಮಗ ಲಾಲೂ ಅದರ ನಾಯಕ. ಮಾರ್ಸೆಯ್‌ನಲ್ಲಿ ಇಳಿಯುವುದು, ಬಿಳಿಯರ ಊರು ನೋಡಿ ಬೆರಗಾಗುವುದು, ಎಲ್ಲಿಗೆಂದು ತಿಳಿಯದೆ ಸಾಗುವುದು, ಕೆಸರು, ಚಳಿ — ಎಲ್ಲ ಇಲ್ಲಿ ಬರೀ ಹಿನ್ನೆಲೆಯಲ್ಲ, ಇದೇ ಕಾದಂಬರಿ. ಲಾಲೂ ಸಾಮ್ರಾಜ್ಯಕ್ಕಾಗಿ ಹೋದವನಲ್ಲ. ಮನೆಯ ಸಾಲ, ಕಳೆದ ಭೂಮಿ, ಇನಾಮು ಸಿಕ್ಕೀತೆಂಬ ಆಸೆ ಅವನನ್ನು ಅಲ್ಲಿಗೆ ನೂಕಿವೆ. ಅವನು ಜರ್ಮನರ ಕೈಗೆ ಸೆರೆ ಸಿಕ್ಕುತ್ತಾನೆ. ಮುಂದಿನ ಕಾದಂಬರಿ ‘ದ ಸ್ವೋರ್ಡ್ ಅಂಡ್ ದ ಸಿಕಲ್’ (೧೯೪೨)ನಲ್ಲಿ ಊರಿಗೆ ಬಂದರೆ ಮನೆ ಮುರಿದಿದೆ, ಭೂಮಿ ಹೋಗಿದೆ. ಹೋದ ದಾರಿಯಷ್ಟೇ ಬಂದ ದಾರಿಯೂ ಮೋಸದ್ದು. ಜೀತಕ್ಕೂ ಸಿಪಾಯಿಗಿರಿಗೂ ಇರುವ ನಂಟನ್ನು ಇಷ್ಟು ಸ್ಪಷ್ಟವಾಗಿ ಕಂಡ ಕೃತಿಗಳು ಭಾರತದ ಬರವಣಿಗೆಯಲ್ಲಿ ಕಡಿಮೆ.

ಆದರೂ ನಮ್ಮದೊಂದು ತಕರಾರಿದೆ. ಇದೇ ಆನಂದರು ಐದು ವರ್ಷ ಮೊದಲು, ೧೯೩೫ರಲ್ಲಿ, ‘ಅನ್‌ಟಚೆಬಲ್’ ಬರೆದಿದ್ದರು. ಅದರ ಬಖಾ ದಂಡಿನ ಪಕ್ಕದ ಕೇರಿಯ ಜಾಡಮಾಲಿ ಹುಡುಗ. ಗೋರಾ ಸಿಪಾಯಿಗಳು ಬಿಸಾಕಿದ ಕೋಟು, ಬೂಟು ಹಾಕಿಕೊಂಡು ತಾನೂ ಅವರಂತೆ ಕಾಣಬೇಕೆಂದು ಆಸೆಪಡುತ್ತಾನೆ. ದಂಡಿಗೂ ನಮ್ಮ ಕೇರಿಗೂ ಇರುವ ಸಂಬಂಧ ಆನಂದರಿಗೆ ಗೊತ್ತಿತ್ತು, ಬಹಳ ಚೆನ್ನಾಗಿ ಗೊತ್ತಿತ್ತು. ಆದರೆ ಹಡಗು ಹೊರಟಾಗ ಕಾದಂಬರಿಯ ಕಣ್ಣು ಲಾಲೂನ ಕಣ್ಣಾಯಿತು, ಬಂದೂಕು ಹಿಡಿದವನ ಕಣ್ಣಾಯಿತು. ಬಖಾನಂಥವನು ಆ ಕಣ್ಣಿಗೆ ಕೇಂದ್ರವಾಗಲಿಲ್ಲ. ಗೋರಾನ ಹಳೆ ಬೂಟು ಹಾಕಿಕೊಂಡ ಬಖಾ ನಮ್ಮ ಸಾಹಿತ್ಯದಲ್ಲಿ ದಂಡಿನ ಬೇಲಿಯ ಆಚೆಯೇ ನಿಂತುಬಿಟ್ಟ.

ನಿಜವಾದ ಚರಿತ್ರೆಯಲ್ಲಿ ಅವನು ನಿಲ್ಲಲಿಲ್ಲ. ಅವನೂ ಹಡಗು ಹತ್ತಿದ.

೪

ಆ ಯುದ್ಧದಲ್ಲಿ ಭಾರತದ ಸೈನ್ಯದ ಜೊತೆ ಇದ್ದ ‘ಫಾಲೋಯರ್’ಗಳ ಸಂಖ್ಯೆ ಐದೂವರೆ ಲಕ್ಷಕ್ಕೂ ಹೆಚ್ಚು. ಫಾಲೋಯರ್ ಅಂದರೆ ಹಿಂಬಾಲಕ. ನೀರು ಹೊರುವ ಭಿಸ್ತಿ, ಬಟ್ಟೆ ಒಗೆಯುವವನು, ಅಡುಗೆಯವನು, ಕುದುರೆ ಲಾಯದವನು, ಹೇಸರಗತ್ತೆ ಹೊಡೆಯುವವನು, ಡೋಲಿ ಹೊರುವವನು, ಚಪ್ಪಲಿ ಬೂಟು ಹೊಲಿಯುವವನು, ಕಕ್ಕಸು ಬಳಿಯುವ ಜಾಡಮಾಲಿ, ರಸ್ತೆ ಕಡಿಯುವ ಕೂಲಿ. ಸಂಬಳ, ಬಟ್ಟೆ, ರೇಷನ್ನು, ಗಾಯದ ಪಿಂಚಣಿ, ಎಲ್ಲದರಲ್ಲೂ ಇವರಿಗೆ ಸಿಪಾಯಿಗಿಂತ ಕೆಳಗಿನ ಮೆಟ್ಟಿಲು. ಜನ ಸಾಲದೆ ಬಂದಾಗ ಜೈಲುಗಳಿಂದಲೂ ಕೈದಿಗಳನ್ನು ಎತ್ತಿ ಮೆಸಪೊಟೇಮಿಯಾಕ್ಕೆ, ಅಂದರೆ ಇವತ್ತಿನ ಇರಾಕಿಗೆ, ಸಾಗಿಸಿದರು. ಇವರ ಬಗ್ಗೆ ರಾಧಿಕಾ ಸಿಂಘಾ ಅವರು ‘ದ ಕೂಲೀಸ್ ಗ್ರೇಟ್ ವಾರ್’ ಎಂಬ ಪುಸ್ತಕ ತಂದದ್ದು ೨೦೨೦ರಲ್ಲಿ. ಯುದ್ಧ ಮುಗಿದು ನೂರೆರಡು ವರ್ಷ ಆದ ಮೇಲೆ!

ಬ್ರೈಟನ್ ಊರಿನ ಅರಮನೆಯನ್ನು ಗಾಯಾಳು ಸಿಪಾಯಿಗಳಿಗೆ ಆಸ್ಪತ್ರೆ ಮಾಡಿದರು. ಅಲ್ಲಿ ಒಂಬತ್ತು ಅಡುಗೆಮನೆಗಳು, ಹಿಂದೂಗಳಿಗೆ ಬೇರೆ ನಲ್ಲಿ, ಮುಸ್ಲಿಮರಿಗೆ ಬೇರೆ ನಲ್ಲಿ. ಇದನ್ನು ಸಾಮ್ರಾಜ್ಯದ ಔದಾರ್ಯವೆಂದು ಎಲ್ಲರೂ ಹೊಗಳಿದರು. ನಮ್ಮ ಓದೇ ಬೇರೆ. ಏಳು ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಅನ್ನುತ್ತಿದ್ದರಲ್ಲ, ಕೆಡಲಿಲ್ಲ ಸ್ವಾಮಿ! ಸರ್ಕಾರವೇ ಟಿಕೆಟ್ಟು ಕೊಟ್ಟು ಅದನ್ನು ಹಡಗಿನಲ್ಲಿ ಕರೆದೊಯ್ದು ನಲ್ಲಿ ಹಾಕಿಸಿಕೊಟ್ಟಿತು.

ಅದೇ ಇಂಗ್ಲೆಂಡಿನ ಬ್ರೋಕನ್‌ಹರ್ಸ್ಟ್ ಎಂಬ ಹಳ್ಳಿಯಲ್ಲಿ ಲೇಡಿ ಹಾರ್ಡಿಂಜ್ ಹೆಸರಿನ ಆಸ್ಪತ್ರೆ ಇತ್ತು. ಅಲ್ಲಿ ಕೆಲಸಕ್ಕಿದ್ದವನು ಬರೇಲಿಯ ಸುಖಾ, ಅಸ್ಪೃಶ್ಯ ಜಾಡಮಾಲಿ. ೧೯೧೫ರ ಜನವರಿ ೧೨ರಂದು, ಮೂವತ್ತು ವರ್ಷದವನು, ಸತ್ತ. ಹೆಣಕ್ಕೆ ಜಾಗ ಇಲ್ಲ! ಅಸ್ಪೃಶ್ಯನೆಂದು ಹಿಂದೂಗಳು ಸುಡಲು ಒಪ್ಪಲಿಲ್ಲ. ತಮ್ಮ ಮತದವನಲ್ಲವೆಂದು ಮುಸ್ಲಿಮರು ಹೂಳಲು ಒಪ್ಪಲಿಲ್ಲ. ಕೊನೆಗೆ ಆ ಹಳ್ಳಿಯ ಪಾದ್ರಿ ತನ್ನ ಚರ್ಚಿನ ಅಂಗಳದಲ್ಲಿ ಹೂಳಿಸಿದ. ಹಳ್ಳಿಯವರು ಚಂದಾ ಎತ್ತಿ ಕಲ್ಲು ನಿಲ್ಲಿಸಿದರು. ಅವನ ಊರು, ವಯಸ್ಸು, ಮಾಡಿದ ಕೆಲಸ, ಅವನು ಕ್ರೈಸ್ತನಲ್ಲ ಎಂಬುದು, ಎಲ್ಲ ಆ ಕಲ್ಲಿನ ಮೇಲಿದೆ. ಆ ಕಲ್ಲು ಇವತ್ತಿಗೂ ನಿಂತಿದೆ.

ಇದಕ್ಕಿಂತ ದೊಡ್ಡ ಪ್ರಯಾಣದ ಕಥೆ ಯಾವುದಿದೆ ಹೇಳಿ. ಗಂಗೆಯ ಬಯಲಿನಿಂದ ಇಂಗ್ಲೆಂಡಿನವರೆಗೆ ಹೋದ ಜೀವಂತ ಸುಖಾನಿಗೆ ಹಡಗಿನಲ್ಲಿ ಜಾಗ ಸಿಕ್ಕಿತು, ಕಕ್ಕಸು ಬಳಿಯಲು ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು. ಸತ್ತ ಸುಖಾನಿಗೆ ತನ್ನವರ ನಡುವೆ ಆರಡಿ ಮೂರಡಿ ಸಿಗಲಿಲ್ಲ. ಗುಲೇರಿಯವರ ಲಹನಾ ಸಿಂಗ್ ಸತ್ತ ಅದೇ ಯುದ್ಧದಲ್ಲಿ ಇವನೂ ಸತ್ತ. ಲಹನಾ ಸಿಂಗನನ್ನು ಶಾಲೆ ಕಾಲೇಜುಗಳಲ್ಲಿ ಓದಿಸುತ್ತಾರೆ. ಸುಖಾನನ್ನು ಓದಿಸಿದ ಪಠ್ಯ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಸಿಪಾಯಿಯ ಸಾವನ್ನೂ ಸಾಮ್ರಾಜ್ಯ ಸಮನಾಗಿ ಕಾಣಲಿಲ್ಲ ಎನ್ನುವುದನ್ನು ಮರೆಯಬಾರದು. ಇರಾಕಿನ ಬಸ್ರಾ ಸ್ಮಾರಕದ ಮೇಲೆ ಅಧಿಕಾರಿಗಳ ಹೆಸರು ಕೆತ್ತಿದರು, ಭಾರತದ ಸಾಮಾನ್ಯ ಸಿಪಾಯಿಗಳನ್ನು ಬರೀ ಸಂಖ್ಯೆಯಾಗಿ ಕೆತ್ತಿದರು. ಆ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಸಮಾಧಿ ಆಯೋಗವೇ ೨೦೨೧ರಲ್ಲಿ ಈ ತಾರತಮ್ಯ ಒಪ್ಪಿಕೊಂಡು ಕ್ಷಮೆ ಕೇಳಿತು. ನಮ್ಮ ಮೈಸೂರಿನ ಕಡೆಯೂ ನೋಡೋಣ. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣ ಗೆದ್ದವರಲ್ಲಿ ಮೈಸೂರು ಲಾನ್ಸರ್ಸ್ ಪಡೆಯವರೂ ಇದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಪಡೆಗಳ ನೆನಪಿಗೆ ನಿಂತಿವೆ. ಕುದುರೆ ಪಡೆಯೆಂದ ಮೇಲೆ ಪ್ರತಿ ಕುದುರೆಗೂ ಹುಲ್ಲು ಬೇಕು, ನೀರು ಬೇಕು, ಲಾಳ ಬೇಕು, ಲದ್ದಿ ಬಾಚಬೇಕು. ಆ ಕೈಗಳಿಗೆ ನಾಲ್ಕನೆಯ ಮೂರ್ತಿ ಯಾವ ವೃತ್ತದಲ್ಲಿದೆ?

೫

ಹಾಗಾದರೆ ಈ ದಾರಿಯನ್ನು ನಮ್ಮವರು ಯಾರೂ ಬರೆಯಲಿಲ್ಲವೇ? ಬರೆದಿದ್ದಾರೆ. ಆದರೆ ಅದನ್ನು ನಾವು ಸೈನಿಕ ಸಾಹಿತ್ಯವೆಂದು ಓದಲಿಲ್ಲ.

ಬಾಬಾಸಾಹೇಬ ಅಂಬೇಡ್ಕರರ ‘ವೇಟಿಂಗ್ ಫಾರ್ ಎ ವೀಸಾ’ ಸಣ್ಣ ಪುಸ್ತಿಕೆ. ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ, ೧೯೯೦ರಲ್ಲಿ, ಅಚ್ಚಾಯಿತು. ಅದರ ಮೊದಲ ಪ್ರಸಂಗ ೧೯೦೧ರದು. ಅಂಬೇಡ್ಕರರ ತಂದೆ ರಾಮ್‌ಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಅಂಬೇಡ್ಕರರು ಹುಟ್ಟಿದ್ದೇ ಮಹೂ ದಂಡಿನಲ್ಲಿ. ತಂದೆ ಆಗ ಗೋರೆಗಾಂವ್‌ನಲ್ಲಿ, ಬರಗಾಲದ ಕೆರೆ ಕೆಲಸದ ಕಡೆ, ಖಜಾಂಚಿ. ರಜಕ್ಕೆ ಅಪ್ಪನ ಬಳಿ ಹೋಗಲು ಮಕ್ಕಳು ಸಾತಾರಾದಿಂದ ಹೊಸ ಬಟ್ಟೆ ಹಾಕಿಕೊಂಡು ರೈಲು ಹತ್ತಿದರು. ಮಸೂರ್ ನಿಲ್ದಾಣದಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರ ಮೊದಲು ಪ್ರೀತಿಯಿಂದಲೇ ಮಾತಾಡಿಸಿದ. ಮಹಾರರ ಮಕ್ಕಳೆಂದು ತಿಳಿದ ಕೂಡಲೆ ಮುಖ ಬದಲಾಯಿತು. ಗಾಡಿಯವರು ಒಬ್ಬರೂ ಒಪ್ಪಲಿಲ್ಲ. ಎರಡು ಪಾಲು ಬಾಡಿಗೆ ಕೊಟ್ಟು, ಎತ್ತು ಮಕ್ಕಳೇ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆಂದು ತೀರ್ಮಾನವಾಯಿತು. ಬುತ್ತಿ ಇದ್ದರೂ ಕುಡಿಯುವ ನೀರು ಸಿಗದೆ ರಾತ್ರಿ ಕಳೆದರು. ಕೊನೆಗೆ ಗೊತ್ತಾದದ್ದೇನು? ಬರುತ್ತೇವೆಂದು ಬರೆದ ಕಾಗದವನ್ನು ಆಳು ತಂದೆಗೆ ಕೊಟ್ಟೇ ಇರಲಿಲ್ಲ.

ಕಾಗದ ತಲುಪದ್ದು, ಗಾಡಿ ಸಿಗದ್ದು, ರಾತ್ರಿ ದಾರಿಯಲ್ಲಿ ಕಳೆದದ್ದು — ಇವೆಲ್ಲ ಯಾವ ಪ್ರಯಾಣಿಕನಿಗೂ ಬರುವ ತಾಪತ್ರಯ. ಫ್ರಾನ್ಸಿನ ಸಿಪಾಯಿಯ ಗೊಣಗಾಟದ ಪಟ್ಟಿಯೂ ಇದೇ. ಆದರೆ ಇಲ್ಲಿ ಒಂದೊಂದು ತಾಪತ್ರಯದ ಒಳಗೂ ಜಾತಿ ಕೂತಿದೆ. ಬೇರೆಯವರ ಕಾಗದ ತಪ್ಪಿದರೆ ತಡವಾಗುತ್ತದೆ ಅಷ್ಟೆ. ನಮ್ಮ ಕಾಗದ ತಪ್ಪಿದರೆ ನೀರೇ ಸಿಗುವುದಿಲ್ಲ. ಸುಬೇದಾರನ ಮಕ್ಕಳು ಅನ್ನುವುದು ಮಸೂರಿನ ನಿಲ್ದಾಣದಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಅಪ್ಪ ಸೈನ್ಯದಲ್ಲಿ ದುಡಿದ ಅಷ್ಟೂ ವರ್ಷಗಳು ಒಂದು ಲೋಟ ನೀರು ತರಲಿಲ್ಲ.

ಇನ್ನು ಬರವಣಿಗೆಯ ರೀತಿ ನೋಡಿ. ಅಲಂಕಾರ ಇಲ್ಲ, ಅಳು ಇಲ್ಲ, ‘ಅಯ್ಯೋ’ ಇಲ್ಲ. ಎಲ್ಲಿ ಇಳಿದೆವು, ಯಾರು ಏನಂದರು, ಬಾಡಿಗೆ ಎಷ್ಟು, ನೀರು ಎಲ್ಲಿತ್ತು — ಲೆಕ್ಕ ಒಪ್ಪಿಸಿದ ಹಾಗೆ ಬರೆದಿದ್ದಾರೆ. ಸೈನ್ಯದ ಮನೆಯಲ್ಲಿ ಬೆಳೆದು ಕಾನೂನು ಕಲಿತವರ ಶಿಸ್ತು ಅದು. ಓದಿದವನ ಹೊಟ್ಟೆಯಲ್ಲಿ ಬೆಂಕಿ ಬೀಳುವುದು ಆ ಲೆಕ್ಕದಿಂದಲೇ. ದಲಿತ ಬರಹಕ್ಕೆ ಕಲೆಗಾರಿಕೆ ಸಾಲದು ಅನ್ನುವವರು ಈ ಹತ್ತು ಪುಟ ಓದಲಿ.

ಇದರ ಹಿಂದೆ ಇನ್ನೊಂದು ಬರಹದ ಪರಂಪರೆಯೂ ಇದೆ: ಅರ್ಜಿ. ಬೊಂಬಾಯಿ ಸೈನ್ಯದಲ್ಲಿ ತಲೆಮಾರುಗಳಿಂದ ದುಡಿದ ಮಹಾರರಿಗೆ ೧೮೯೨-೯೩ರ ಹೊತ್ತಿಗೆ ಭರ್ತಿ ನಿಲ್ಲಿಸಿದರು. ‘ಯೋಧ ಜಾತಿ’ಗಳ ಸಿದ್ಧಾಂತ ಬಂದಿತ್ತು, ನಾವು ಅದರ ಪಟ್ಟಿಯಲ್ಲಿರಲಿಲ್ಲ. ಸೈನ್ಯದಿಂದ ನಿವೃತ್ತರಾದ ಗೋಪಾಲ ಬಾಬಾ ವಲಂಗ್‌ಕರ್ ೧೮೯೪ರಲ್ಲಿ ಅರ್ಜಿ ಬರೆದರು. ಯುದ್ಧ ಬಿಗಿಯಾದಾಗ, ೧೯೧೭ರಲ್ಲಿ, ೧೧೧ನೆಯ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿದ ಮೇಲೆ ೧೯೨೧ರಲ್ಲಿ ಅದನ್ನು ಒಡೆದು ಹಾಕಿದರು. ಮತ್ತೊಂದು ಮಹಾಯುದ್ಧ ಬಂತು. ೧೯೪೧ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಹೆಣ ಬೀಳುವ ಕಾಲಕ್ಕೆ ಬಾಗಿಲು ತೆರೆಯುವುದು, ಪಿಂಚಣಿ ಕೊಡುವ ಕಾಲಕ್ಕೆ ಮುಚ್ಚುವುದು. ಸುಗ್ಗಿಯಲ್ಲಿ ಕೂಲಿಯವನನ್ನು ‘ಬಾರಪ್ಪ’ ಅಂದು ಕರೆದು ಸುಗ್ಗಿ ಮುಗಿದ ಮೇಲೆ ಹಿತ್ತಲಿಂದ ಓಡಿಸುವ ಗೌಡನ ಬುದ್ಧಿಗೂ ಇದಕ್ಕೂ ಏನು ವ್ಯತ್ಯಾಸ?

೬

ಕೊನೆಗೆ ನಮ್ಮ ಚಳವಳಿಗೂ ಒಂದು ಮಾತು. ಭೀಮಾ ಕೋರೆಗಾಂವ್‌ನ ಸ್ತಂಭದ ಮುಂದೆ ನಾವೂ ತಲೆ ಎತ್ತಿ ನಿಲ್ಲುತ್ತೇವೆ. ೧೯೨೭ರ ಜನವರಿ ೧ರಂದು ಬಾಬಾಸಾಹೇಬರು ಅಲ್ಲಿಗೆ ಹೋಗಿ, ಹೇಡಿಗಳೆಂದು ಕರೆಸಿಕೊಂಡ ಜನಕ್ಕೆ ತಮ್ಮ ಶೌರ್ಯ ನೆನಪು ಮಾಡಿಕೊಟ್ಟರು. ಅದು ಬೇಕಿತ್ತು, ಇವತ್ತಿಗೂ ಬೇಕು. ಆದರೆ ಶೌರ್ಯ ಒಂದನ್ನೇ ಎಣಿಸುತ್ತಾ ಕೂತರೆ ನಾವೂ ಮೇಲ್ಜಾತಿ ವಿಮರ್ಶಕನ ಅಳತೆಗೋಲನ್ನೇ ಹಿಡಿದ ಹಾಗಾಯಿತು. ಕತ್ತಿ ಹಿಡಿದ ಅಜ್ಜನ ಹೆಸರು ಹೇಳುವಷ್ಟೇ ಗಟ್ಟಿಯಾಗಿ ಪೊರಕೆ ಹಿಡಿದ ಅಜ್ಜನ ಹೆಸರೂ ಹೇಳಬೇಕು. ಸುಖಾ ಯಾರನ್ನೂ ಕೊಲ್ಲಲಿಲ್ಲ, ಯಾವ ಕೋಟೆಯನ್ನೂ ಗೆಲ್ಲಲಿಲ್ಲ. ಅವನ ಮಾನ ಅದರಿಂದ ಕಡಿಮೆಯಾಗುವುದಿಲ್ಲ.

ಇನ್ನು ಮೇಲೆ ಸೈನಿಕನ ಮೇಲಿನ ಯಾವುದೇ ಕಥೆ, ಕವನ, ಕಾದಂಬರಿ, ಸಿನಿಮಾ ಬಂದರೂ ಗೆಳೆಯರು ಮೂರು ಪ್ರಶ್ನೆ ಕೇಳಬೇಕೆಂದು ನಮ್ಮ ಸೂಚನೆ. ಒಂದು: ಇದರಲ್ಲಿ ನೀರು ಹೊತ್ತವನು, ಕಕ್ಕಸು ಬಳಿದವನು ಯಾರು, ಅವನಿಗೆ ಹೆಸರಿದೆಯೇ? ಎರಡು: ಈ ಮಾತನ್ನು ಯಾರು ಹೇಳಿದರು, ಯಾರು ಬರೆದುಕೊಂಡರು, ನಡುವೆ ಯಾರು ಒಡೆದು ಓದಿದರು? ಮೂರು: ಇವನು ಊರಿಗೆ ಬಂದ ಮೇಲೆ ಯಾವ ಬಾವಿಯಿಂದ ನೀರು ಕುಡಿದ? ಮೂರನೆಯದಕ್ಕೆ ಉತ್ತರ ಕೊಡದ ದೇಶಭಕ್ತಿಯ ಸಾಹಿತ್ಯ ಅರ್ಧ ದಾರಿಯಲ್ಲೇ ಇಳಿದುಹೋದ ಸಾಹಿತ್ಯ.

ಹಳ್ಳಿ ಮೇಷ್ಟ್ರುಗಳಲ್ಲಿ ಒಂದು ಕೋರಿಕೆಯೂ 있는 ಹಾಗೆ ಇದನ್ನು ಮುಗಿಸುವುದು ಬೇಡ, ಬಿಡಿಸಿಯೇ ಹೇಳುತ್ತೇವೆ. ನಿಮ್ಮ ಊರಿನ ಕೇರಿಯಲ್ಲಿ ಸೈನ್ಯದಿಂದ ಬಂದವರು ಇದ್ದರೆ, ಜನವರಿ ಇಪ್ಪತ್ತಾರಕ್ಕೆ ಹಾರ ಹಾಕಿ ಕಳಿಸಿಬಿಡಬೇಡಿ. ಒಂದು ಸಂಜೆ ಹುಡುಗರನ್ನು ಕರೆದುಕೊಂಡು ಅವರ ಜಗುಲಿಗೆ ಹೋಗಿ. ಗುಂಡಿನ ಕಥೆ ಕೇಳಬೇಡಿ. ರಜೆ ಹೇಗೆ ಸಿಕ್ಕಿತು, ಗಾಡಿ ಎಲ್ಲಿ ತಪ್ಪಿತು, ಕಾಗದ ಯಾರು ಓದಿಕೊಟ್ಟರು, ಬಸ್ಸಿಳಿದು ಊರೊಳಗೆ ಯಾವ ಬೀದಿಯಿಂದ ಬಂದಿರಿ ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹುಡುಗರು ಬರೆದುಕೊಳ್ಳಲಿ, ತಿದ್ದುವುದು ಬೇಡ. ಫ್ರಾನ್ಸಿಗೆ ಹೋದ ಸಿಪಾಯಿಯ ಮಾತನ್ನು ಸೆನ್ಸಾರಿನವನು ಬರೆದಿಟ್ಟ. ಜಾಡಮಾಲಿಯ ಮಾತನ್ನು ಅವನೂ ಬರೆದಿಡಲಿಲ್ಲ. ನಮ್ಮ ದೊಡ್ಡಪ್ಪಂದಿರ ಮಾತನ್ನಾದರೂ ನಮ್ಮ ಮಕ್ಕಳು ಬರೆದಿಡಲಿ.